ಹರಿವಾಣ ಹಿಡಿದವರ ಸನ್ಮಾನ

ಸನ್ಮಾನದ ಶಾಲನ್ನು ಹೇಗೆ ಮಡಿಸಬೇಕು ಎಂದು ನನಗೆ ಕಲಿಸಿದವರು ಅವರು. ಅಂಗಡಿಯವರು ಮಡಿಸಿ ಕೊಟ್ಟ ಹಾಗೇ ಹರಿವಾಣದಲ್ಲಿಟ್ಟರೆ ಅಧ್ಯಕ್ಷರು ಅದನ್ನು ಬಿಡಿಸುವುದರಲ್ಲೇ ಬೆವರುತ್ತಾರೆ, ಒಂದು ತುದಿ ಹೋಗಿ ಸನ್ಮಾನಿತರ ಕನ್ನಡಕಕ್ಕೆ ಸಿಕ್ಕಿಕೊಳ್ಳುತ್ತದೆ, ಸಭೆ ನಗುತ್ತದೆ. ಅದಕ್ಕೇ ಅವರು ಹೊಸ ಶಾಲು ಬಂದ ಕೂಡಲೇ ಕವರಿನಿಂದ ತೆಗೆದು, ಉದ್ದಕ್ಕೆ ಎರಡು, ಅಡ್ಡಕ್ಕೆ ಮೂರು ಮಡಿಕೆ ಹಾಕಿ, ಜರಿಯ ಎರಡು ಮೂಲೆಗಳು ಮಾತ್ರ ಹೊರಗೆ ಇಣುಕುವಂತೆ ಇಡುತ್ತಿದ್ದರು. ಆ ಮೂಲೆಗಳನ್ನು ಹಿಡಿದು ಒಮ್ಮೆ ಕೊಡವಿದರೆ ಸಾಕು, ಶಾಲು ತಾನಾಗಿ ಬಿಚ್ಚಿಕೊಂಡು ಹೆಗಲ ಮೇಲೆ ಬೀಳುತ್ತಿತ್ತು. "ಮೂಲೆ ಹಿಡೀರಿ, ಒಂದ್ಸಲ ಕೊಡವಿ, ಮತ್ತೆ ಎಂತದೂ ಮಾಡೂದು ಬೇಡ" ಎಂದು ಪ್ರತಿ ಹೊಸ ಅಧ್ಯಕ್ಷರಿಗೂ ಮೆಲ್ಲಗೆ ಹೇಳಿಕೊಡುತ್ತಿದ್ದರು. ನಮ್ಮ ಪುರಸಭೆಗೆ ಬಂದ ಅಧ್ಯಕ್ಷರಲ್ಲಿ ಬೇರೆ ಏನೂ ಕಲಿಯದವರು ಸಹ ಇದೊಂದನ್ನು ಕಲಿತು ಹೋಗಿದ್ದಾರೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ಕಡೆ ಸರಿಯಾಗಿ ಬರೆಯದೆ, ಈಗ ಇಲ್ಲಿ ಬರೆದು ದೊಡ್ಡಸ್ತಿಕೆ ತೋರಿಸಲು ನನಗೆ ಮುಖವಿಲ್ಲ. ಊರಿನ ಹೆಸರೂ ಬೇಡ. ಕಾರವಾರಕ್ಕೂ ಅಂಕೋಲೆಗೂ ಓಡಾಡುವ ಬಸ್ಸುಗಳು ಎರಡು ನಿಮಿಷ ನಿಂತು ಹೋಗುವ ಒಂದು ಸಣ್ಣ ಊರು ಎಂದರೆ ಸಾಕು. ಸನ್ಮಾನಕ್ಕೆ ಒಳ್ಳೆಯ ಹಾರ ಬೇಕೆಂದರೆ ನಾವು ಅಂಕೋಲೆಗೇ ಹೇಳಿ ಕಳಿಸಬೇಕು, ಅಷ್ಟು ಸಣ್ಣ ಊರು. ಅಲ್ಲಿಯ ಪುರಸಭೆಯಲ್ಲಿ ನಾನು ಗುಮಾಸ್ತೆ. ತಿಂಗಳಿಗೊಮ್ಮೆ ನಡೆಯಬೇಕಾದ, ನಡೆದರೆ ನಡೆಯುವ ಸಾಮಾನ್ಯ ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸ.

ಅವರು ನೀರು ಬಿಡುವವರು. ಬೆಳಗಿನ ಐದು ಗಂಟೆಗೆ ಆಳೆತ್ತರದ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟರೆ, ಒಂದೊಂದು ಕೇರಿಯ ವಾಲ್ವ್ ತೆರೆದು, ಮುಚ್ಚಿ, ಎಂಟೂವರೆಗೆ ಕಚೇರಿಗೆ ಬರುತ್ತಿದ್ದರು. ವಾಲ್ವಿಗೆ ಚಾವಿ ಹಾಕಿ ಅದರ ತುದಿಗೆ ಕಿವಿಯಿಟ್ಟು ಕೇಳುವುದು ಅವರ ರೂಢಿ. ಒಳಗೆ ನೀರು ಎಷ್ಟು ಜೋರಾಗಿ ಹೋಗುತ್ತಿದೆ, ಎಲ್ಲಿ ಪೈಪು ಒಡೆದಿರಬಹುದು ಎಂದು ಅಷ್ಟರಲ್ಲೇ ಹೇಳುತ್ತಿದ್ದರು. ಒಮ್ಮೆ ಕೇಳಿಸುತ್ತದಾ ನೋಡೋಣ ಎಂದು ನಾನೂ ಕಿವಿಯಿಟ್ಟೆ. ಕಬ್ಬಿಣ ತಣ್ಣಗಿತ್ತು, ಅಷ್ಟೇ. "ಕೇಳಿದ್ರಾ?" ಎಂದರು. "ಕೇಳಿತು" ಎಂದು ಸುಳ್ಳು ಹೇಳಿದೆ. "ಸುಳ್ಳು ಹೇಳ್ಬೇಡಿ ಅಕ್ಕೋರೆ, ನಾ ಇನ್ನೂ ವಾಲ್ವ್ ತೆಗೆದೇ ಇಲ್ಲ" ಎಂದು ನಕ್ಕರು.

ಕಚೇರಿಯಲ್ಲಿ ಎಲ್ಲರಿಗೂ ನಾನು ಮೇಡಂ, ಅವರಿಗೆ ಮಾತ್ರ ಅಕ್ಕೋರು. ನಮ್ಮ ಕಡೆ ಅಕ್ಕೋರು ಎಂದರೆ ಶಾಲೆಯ ಮಾಸ್ತರಮ್ಮ. ಪೆನ್ನು ಹಿಡಿದ ಹೆಂಗಸರೆಲ್ಲ ಅವರ ಲೆಕ್ಕದಲ್ಲಿ ಅಕ್ಕೋರೇ. ಬರೆಯುವವರು ತಪ್ಪು ಬರೆಯುವುದಿಲ್ಲ ಎಂಬ ಒಂದು ನಂಬಿಕೆಯೂ ಅದರ ಜೊತೆಗಿತ್ತು ಎಂದು ಈಗ ಅನಿಸುತ್ತದೆ.

ಸಭೆಯ ದಿನ ಅವರಿಗೆ ಎರಡನೆಯ ಕೆಲಸ. ಕುರ್ಚಿ ಒರೆಸುವುದು, ಮೈಕ್ ತಟ್ಟಿ ನೋಡುವುದು, ಸದಸ್ಯರಿಗೆ ಚಹಾ, ಬನ್ಸ್ ಕೊಡುವುದು, ಸನ್ಮಾನವಿದ್ದರೆ ಹರಿವಾಣ ಹಿಡಿದು ಅಧ್ಯಕ್ಷರ ಬಲಗಡೆಗೆ ಅರ್ಧ ಹೆಜ್ಜೆ ಹಿಂದೆ ನಿಲ್ಲುವುದು. ನಮ್ಮ ಪುರಸಭೆಗೆ ಸನ್ಮಾನದ ಚಪಲ ಸ್ವಲ್ಪ ಜಾಸ್ತಿ. ಒಳ್ಳೆಯ ಮಾರ್ಕು ಬಂದ ಹುಡುಗಿ, ವರ್ಗವಾಗಿ ಹೋಗುವ ಇನ್ಸ್‌ಪೆಕ್ಟರು, ನಿವೃತ್ತರಾದ ಶುಚಿತ್ವದ ಮೇಸ್ತ್ರಿ, ಎಲ್ಲರಿಗೂ ಶಾಲು. ಚರಂಡಿ ಕಟ್ಟಿಸಲಾಗದ ತಿಂಗಳಲ್ಲಿ ಎರಡು ಶಾಲು. ಹಣ್ಣಿನ ಬುಟ್ಟಿಯಲ್ಲಿ ಯಾವಾಗಲೂ ಹುಬ್ಬಳ್ಳಿಯಿಂದ ಬಂದ ಸೇಬು, ಮೋಸಂಬಿ. ಬೇಸಗೆಯಲ್ಲಿ ಅವರು ಯಾರಿಗೂ ಹೇಳದೆ ತಮ್ಮ ಹಿತ್ತಲಿನ ಎರಡು ಈಶಾಡ ಮಾವಿನಹಣ್ಣನ್ನು ಆ ಬುಟ್ಟಿಯ ಅಡಿಯಲ್ಲಿ ಸೇರಿಸಿಡುತ್ತಿದ್ದರು. "ಸೇಬು ತಿಂದು ಯಾರು ನೆನಪಿಟ್ಕಂತ್ರು?" ಎನ್ನುತ್ತಿದ್ದರು.

ಅಷ್ಟೆಲ್ಲ ಮಾಡುತ್ತಿದ್ದ ಅವರು ಪುರಸಭೆಯ ನೌಕರರಾಗಿರಲಿಲ್ಲ. ದಿನಗೂಲಿ. ನಮ್ಮೆಲ್ಲರ ಹೆಸರಿರುವ ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ಅವರದು ಒಂದು ಬಿಡಿ ಹಾಳೆ, ತಿಂಗಳು ಮುಗಿದ ಮೇಲೆ ಅದು ಎಲ್ಲಿ ಹೋಗುತ್ತಿತ್ತೋ ಯಾರಿಗೂ ಗೊತ್ತಿರಲಿಲ್ಲ. ಹತ್ತಿರದ ಅವರ್ಸಾದಲ್ಲಿ ಹೆಣ್ಣು ನೋಡಲು ಹೋದಾಗ ಹೆಣ್ಣಿನ ತಂದೆ "ಕೆಲಸ ಖಾಯಂ ಅದೆಯಾ?" ಎಂದು ಕೇಳಿದ್ದರಂತೆ. ಇವರು ಧೈರ್ಯ ಮಾಡಿ "ಇನ್ನು ಆರು ತಿಂಗಳಲ್ಲಿ ಆಗ್ತದೆ" ಎಂದರಂತೆ. ಮದುವೆಯಾಯಿತು, ಮಗಳು ಹುಟ್ಟಿದಳು, ಮಗಳ ಮದುವೆಯೂ ಆಯಿತು. ಮನೆಗೆ ಹೋಗುವುದು ತಡವಾದರೆ ಹೆಂಡತಿ ಬಾಗಿಲಲ್ಲೇ ನಿಂತು "ಆರು ತಿಂಗಳು ಆಯ್ತಾ?" ಎಂದು ಕೇಳುತ್ತಾಳೆ ಎಂದು ಅವರೇ ನಗುತ್ತ ಹೇಳಿದ್ದು. ನಗುತ್ತ ಹೇಳಿದರೂ, ಅವರಿಗೆ ಜೀವನದಲ್ಲಿ ಬೇಕಾಗಿದ್ದು ಅದೊಂದೇ. ತಮ್ಮ ಹೆಸರು ಬರೆದ, ಮೊಹರು ಹಾಕಿದ ಒಂದು ಖಾಯಂ ಆದೇಶ. ಅದನ್ನು ಹೆಂಡತಿಯ ಕೈಗೆ ಕೊಡಬೇಕು.

ಅವರ ವಿಷಯ ಅಜೆಂಡಾದಲ್ಲಿ ಯಾವಾಗಲೂ ಕೊನೆಯಲ್ಲಿ ಬರುತ್ತಿತ್ತು. ಬೀದಿನಾಯಿ, ಮೀನು ಮಾರುಕಟ್ಟೆಯ ಛಾವಣಿ, ಬೀದಿದೀಪ ಎಲ್ಲ ಮುಗಿದು ಸದಸ್ಯರು ಗಡಿಯಾರ ನೋಡುವ ಹೊತ್ತಿಗೆ. ಅದೇ ಹೊತ್ತಿಗೆ ಚಹಾ. ಹೀಗಾಗಿ ತಮ್ಮ ವಿಷಯ ಓದುವಾಗ ಅವರು ಪ್ರತಿ ಸಲವೂ ಚಹಾದ ಟ್ರೇ ಹಿಡಿದು ಸಭೆಯ ನಡುವೆಯೇ ಇರುತ್ತಿದ್ದರು. ಅಧ್ಯಕ್ಷರು ಲೋಟ ಎತ್ತಿಕೊಳ್ಳುತ್ತ "ಇದು ಮುಂದಿನ ಸಭೆಗಿರ್ಲಿ" ಎನ್ನುತ್ತಿದ್ದರು. ನಾನು "ಮುಂದಿನ ಸಭೆಯಲ್ಲಿ ಪರಿಶೀಲಿಸಲು ತೀರ್ಮಾನಿಸಲಾಯಿತು" ಎಂದು ಬರೆಯುತ್ತಿದ್ದೆ. ಅವರು ನನ್ನ ಮುಂದೆಯೂ ಒಂದು ಲೋಟ ಇಟ್ಟು "ಅಡ್ಡಿಲ್ಲ" ಎನ್ನುತ್ತಿದ್ದರು. ಯಾವುದಕ್ಕೂ ಅಡ್ಡಿಲ್ಲ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರ ಮೇಲೂ ಎಷ್ಟೋ ಸಲ ಬಂದಿದೆ.

ಕಡೆಗೊಮ್ಮೆ ಬಾಗಿಲು ತೆರೆಯಿತು. ಬಹಳ ವರ್ಷ ದುಡಿದ, ಅರವತ್ತು ತುಂಬದ ದಿನಗೂಲಿ ನೌಕರರ ಪಟ್ಟಿ ಕಳಿಸಿ, ಖಾಯಂ ಮಾಡುತ್ತೇವೆ ಎಂದು ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಅವರಿಗೆ ಅರವತ್ತಕ್ಕೆ ಇನ್ನೂ ಒಂದು ವರ್ಷದ ಮೇಲಿತ್ತು. ಕಡತ ನಾನೇ ಮಾಡಿದೆ. ಹಳೆಯ ಬಿಡಿ ಹಾಳೆಗಳನ್ನು ಗೆದ್ದಲು ತಿಂದದ್ದು ಬಿಟ್ಟು ಉಳಿದದ್ದನ್ನೆಲ್ಲ ಕಪಾಟಿನ ಅಡಿಯಿಂದ ಹುಡುಕಿ ತೆಗೆದೆ. ಸಭೆ ಶಿಫಾರಸು ಮಾಡಿತು, ಕಡತ ಕಾರವಾರಕ್ಕೆ ಹೋಯಿತು. ಆ ಖುಷಿಯಲ್ಲಿ ಆಗಿನ ಅಧ್ಯಕ್ಷರು ಎದ್ದು ನಿಂತರು. ಅವರದು ಮನೆಮಾತು ಕೊಂಕಣಿ, ಉತ್ಸಾಹ ಬಂದರೆ ಕನ್ನಡ ಓಡುತ್ತದೆ. "ಅರೆ, ಇವ ಊರಿಗೆಲ್ಲ ನೀರು ಕುಡಿಸಿದ ಮನುಷ್ಯ. ಆರ್ಡರ್ ಬರೂದು ಬರ್ಲಿ, ನಾವು ಮೊದ್ಲು ಮರ್ಯಾದೆ ಮಾಡುವಾ!" ಎಂದರು. ಸದಸ್ಯರು ಮೇಜು ಬಡಿದರು.

ಮುಂದಿನ ಸಭೆಯಲ್ಲಿ ಸನ್ಮಾನ. ಅವರು ಹೊಸ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಇಸ್ತ್ರಿಯ ಗೆರೆ ಎದ್ದು ಕಾಣುತ್ತಿತ್ತು. ಗೊಂಡೆಹೂವಿನ ಹಾರ, ಶಾಲು, ಕಾಯಿ, ಹಣ್ಣಿನ ಬುಟ್ಟಿ ಎಲ್ಲ ಜೋಡಿಸಿ, ರೂಢಿಯಂತೆ ಹರಿವಾಣ ಹಿಡಿದು ಅಧ್ಯಕ್ಷರ ಹಿಂದೆ ಬಂದು ನಿಂತರು. ಅಧ್ಯಕ್ಷರು ಶಾಲಿನ ಮೂಲೆ ಹಿಡಿದು ಎದುರಿಗೆ ನೋಡಿದರೆ ಯಾರೂ ಇಲ್ಲ. "ಎಲ್ಲಿ ಅವ?" ಎಂದರು. "ನಾನೇ ಅಲ್ರಾ" ಎಂದು ಹಿಂದಿನಿಂದ ದನಿ ಬಂತು. ಇಡೀ ಸಭೆ ನಕ್ಕಿತು. ಹರಿವಾಣ ಇಸಿದುಕೊಳ್ಳಲು ಯಾರೂ ಇರಲಿಲ್ಲ, ನಡಾವಳಿ ಪುಸ್ತಕ ಬದಿಗಿಟ್ಟು ನಾನೇ ಹೋಗಿ ಹಿಡಿದುಕೊಂಡೆ. ಶಾಲು ಒಂದೇ ಕೊಡವಿಗೆ ಬಿಚ್ಚಿಕೊಂಡಿತು. ಅವತ್ತಿನ ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವರೊಬ್ಬರು ನನ್ನ ಕೈಯ ಹರಿವಾಣವನ್ನು ನೋಡುತ್ತಿದ್ದಾರೆ, ಕಾಯಿ ಉರುಳೀತು ಎಂಬ ಚಿಂತೆಯಿಂದ.

ಇನ್ನು ನನ್ನ ತಪ್ಪು. ನಮ್ಮಲ್ಲಿ ನಡಾವಳಿಯನ್ನು ಹೊಸದಾಗಿ ಯಾರೂ ಬರೆಯುವುದಿಲ್ಲ. ಕಂಪ್ಯೂಟರಿನಲ್ಲಿ ಹಳೆಯದನ್ನು ತೆಗೆದು, ಹೆಸರು ಬದಲಿಸಿ, ಮುದ್ರಿಸುತ್ತೇವೆ. ಚರಂಡಿಯ ಠರಾವಿನ ಮೇಲೆ ಚರಂಡಿಯ ಠರಾವು, ಸನ್ಮಾನದ ಮೇಲೆ ಸನ್ಮಾನ. ನಾನು ತೆಗೆದದ್ದು ಶುಚಿತ್ವದ ಮೇಸ್ತ್ರಿಯವರ ಸನ್ಮಾನದ ಠರಾವು. ಹೆಸರು ಬದಲಿಸಿದೆ, ಹುದ್ದೆ ಬದಲಿಸಿದೆ. "ಸುದೀರ್ಘ ಸೇವೆ ಸಲ್ಲಿಸಿ ವಯೋನಿವೃತ್ತಿ ಹೊಂದಿದ" ಎಂಬ ಸಾಲು ಹಾಗೇ ಉಳಿಯಿತು. ಮುಂದಿನ ಸಭೆಯ ಮೊದಲ ವಿಷಯ ಯಾವಾಗಲೂ ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು. ಯಾರೂ ಓದುವುದಿಲ್ಲ. "ಓದಿದ್ದು ಅಂತ ಆಯ್ತು" ಎಂದು ಅಧ್ಯಕ್ಷರು ಹೇಳುತ್ತಾರೆ, ಎಲ್ಲರೂ ಹೂಂ ಎನ್ನುತ್ತಾರೆ, ಸಹಿ ಬೀಳುತ್ತದೆ, ಒಂದು ಪ್ರತಿ ಮೇಲಿನ ಕಚೇರಿಗೆ ಹೋಗುತ್ತದೆ. ಅದೂ ಹೋಯಿತು.

ಎರಡು ತಿಂಗಳ ಮೇಲೆ ಪಟ್ಟಿ ಬಂದಾಗ ಅದರಲ್ಲಿ ಅವರ ಹೆಸರಿರಲಿಲ್ಲ. ಕಡತದ ಮೇಲೆ ಒಂದು ಸಾಲು, "ಸದರಿಯವರು ಈಗಾಗಲೇ ವಯೋನಿವೃತ್ತಿ ಹೊಂದಿರುವುದು ಪುರಸಭೆಯ ಠರಾವಿನಿಂದ ಕಂಡುಬರುತ್ತದೆ." ಅವರನ್ನು ಕರೆದು ಹೇಳಿದೆ. ಎರಡು ಸಲ ಹೇಳಬೇಕಾಯಿತು. "ನಾ ಮೂರು ದಿನದ ಹಿಂದೆ ಕೋಟೆಕೇರಿ ಪೈಪ್ ರಿಪೇರಿ ಮಾಡಿದ್ನಲ್ಲ ಅಕ್ಕೋರೆ, ನಿವೃತ್ತಿ ಹ್ಯಾಂಗೆ?" ಎಂದರು. ನಾನು ಬರೆದದ್ದು ಎಂದೆ. "ಅಡ್ಡಿಲ್ಲ, ಬರೆದದ್ದು ತಾನೆ, ತಿದ್ದಿದ್ರೆ ಆಯ್ತು" ಎಂದು ನನ್ನನ್ನೇ ಸಮಾಧಾನ ಮಾಡಿದರು.

ಮರುದಿನ ಇಬ್ಬರೂ ಕಾರವಾರದ ಬಸ್ಸು ಹತ್ತಿದೆವು. ಅವರು ಸನ್ಮಾನದ ದಿನದ ಅಂಗಿಯನ್ನೇ ಹಾಕಿಕೊಂಡಿದ್ದರು. ಹಾರವಾಡ ದಾಟಿದ ಮೇಲೆ ರಸ್ತೆಯ ಬದಿಯ ಪೈಪು ನೋಡಿ "ಜಾಯಿಂಟ್ ಸರಿ ಕೂತಿಲ್ಲ" ಎಂದರು. ಮೇಲಿನ ಕಚೇರಿಯ ಗುಮಾಸ್ತ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟ, ಎಲ್ಲ ಕೇಳಿದ. "ಮೇಡಂ, ಇದು ನಿಮ್ಮದೇ ಸಭೆಯ ಠರಾವು. ದೃಢೀಕರಣವೂ ಆಗಿದೆ. ಸಭೆಯೇ ಇನ್ನೊಂದು ಠರಾವು ಮಾಡಿ ತಿದ್ದಬೇಕು. ಇವರಿಗೆ ಅರವತ್ತು ತುಂಬುವುದರೊಳಗೆ ಕಳಿಸಿ, ನಾನು ಸೇರಿಸುತ್ತೇನೆ" ಎಂದ. ಹತ್ತು ತಿಂಗಳಿತ್ತು. ಒಂದು ಠರಾವಿಗೆ ಹತ್ತು ತಿಂಗಳು ಸಾಲದೇ ಎಂದು ನಾನು ಧೈರ್ಯವಾಗಿಯೇ ಹಿಂತಿರುಗಿದೆ. ನಾಚಿಕೆಗೆಟ್ಟ ಧೈರ್ಯ.

ಒಂದು ವಾರದ ಮೇಲೆ ಬೆಳಿಗ್ಗೆ ನೀರು ಬಿಟ್ಟು ಬಂದವರು ನನ್ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕವರು ಇಟ್ಟರು. ಒಳಗೆ ಆ ಶಾಲು. ಎರಡು ಮಡಿಕೆ, ಮೂರು ಮಡಿಕೆ, ಜರಿಯ ಮೂಲೆ ಹೊರಗೆ.

"ಎಂತದು ಇದು?" ಎಂದೆ.

"ಒಂದೇ ದಿನ ಹೊದ್ದದ್ದು ಅಕ್ಕೋರೆ. ಕೊಳೆ ಆಗ್ಲಿಲ್ಲ. ಇದ್ನ ವಾಪಸ್ ತಗಂಡ್ರೆ ಸನ್ಮಾನ ಆಗ್ಲೇ ಇಲ್ಲ ಅಂತ ಬರೆಯೂಕೆ ಬತ್ತದಾ?"

ಹಾಗೆಲ್ಲ ಆಗುವುದಿಲ್ಲ, ಮನೆಗೆ ತಗೊಂಡು ಹೋಗಿ ಎಂದೆ. ನನ್ನ ದನಿ ಒರಟಾಗಿತ್ತು. ಅವರು ಕವರು ಎತ್ತಿಕೊಂಡು, ಮುದುರಿದ ಮೂಲೆಯನ್ನು ಬೆರಳಿನಿಂದ ಸವರಿ ಸರಿಮಾಡಿ, ಹೋದರು. ಅವತ್ತು ಅಡ್ಡಿಲ್ಲ ಎನ್ನಲಿಲ್ಲ.

ತಿದ್ದುಪಡಿ ವಿಷಯವನ್ನು ಅಜೆಂಡಾದಲ್ಲಿ ಮೇಲೆ ಹಾಕಿ ಎಂದು ನಾನು ಮುಖ್ಯಾಧಿಕಾರಿಗಳನ್ನು ಬೇಡಿಕೊಂಡೆ. ಹೊಸ ವಿಷಯ ಕೊನೆಗೇ ಬರಬೇಕು, ಪದ್ಧತಿ ಎಂದರು. ಮೊದಲ ಸಭೆಯಲ್ಲಿ ಬಿಡಾಡಿ ದನಗಳ ವಿಷಯಕ್ಕೆ ಇಬ್ಬರು ಸದಸ್ಯರು ಕೈಕೈ ಮಿಲಾಯಿಸಿ ಸಭೆಯೇ ಬರಖಾಸ್ತಾಯಿತು. ಎರಡನೆಯ ಸಭೆಯ ದಿನ ಸದಾಶಿವಗಡದಲ್ಲಿ ಒಬ್ಬ ಸದಸ್ಯರ ಮಗನ ಮದುವೆ, ಅರ್ಧ ಜನ ಅಲ್ಲಿ, ಕೋರಂ ಆಗಲಿಲ್ಲ. ಅವರು ಬಂದಷ್ಟು ಜನಕ್ಕೆ ಚಹಾ ಕೊಟ್ಟು, ಉಳಿದ ಬನ್ಸನ್ನು ಕಾಗದದಲ್ಲಿ ಕಟ್ಟಿ ಕಸದ ಗಾಡಿಯವರಿಗೆ ಕೊಟ್ಟರು. ಆಮೇಲೆ ಚುನಾವಣೆಯ ನೀತಿ ಸಂಹಿತೆ. ಆಮೇಲೆ ಅಧ್ಯಕ್ಷರ ಅವಧಿ ಮುಗಿಯಿತು, ಮುಂದಿನ ಅಧ್ಯಕ್ಷಗಿರಿ ಯಾವ ವರ್ಗಕ್ಕೆ ಎಂಬ ತಕರಾರು ಕೋರ್ಟಿಗೆ ಹೋಯಿತು, ಸಭೆಯೇ ಇಲ್ಲ. ಸಭೆಯ ಬದಲಿಗೆ ಸರಕಾರ ನೇಮಿಸಿದ ಆಡಳಿತಾಧಿಕಾರಿಗಳ ಮುಂದೆ ಕಡತ ಹಿಡಿದು ನಿಂತೆ. "ಚುನಾಯಿತರು ಮಾಡಿದ ಠರಾವನ್ನು ನಾನು ಹೇಗೆ ತಿದ್ದಲಿ?" ಎಂದರು. ಪ್ರತಿಯೊಬ್ಬರ ಮಾತೂ ಸರಿಯಾಗಿಯೇ ಇತ್ತು. ತಪ್ಪು ಬರೆದವಳು ನಾನೊಬ್ಬಳು.

ಅರವತ್ತು ತುಂಬಿದ ದಿನ ಅವರು ಕಚೇರಿಗೆ ಎರಡು ಈಶಾಡ ಹಣ್ಣು ತಂದು ನನ್ನ ಮೇಜಿನ ಮೇಲಿಟ್ಟರು. "ಇವತ್ತಿಗೆ ನಿಮ್ಮ ಠರಾವು ಸರಿ ಆಯ್ತು ನೋಡಿ ಅಕ್ಕೋರೆ" ಎಂದರು. ಚುಚ್ಚುಮಾತಲ್ಲ, ತಮಾಷೆಗೇ ಹೇಳಿದ್ದು.

ಮರುದಿನದಿಂದಲೂ ಅವರು ನೀರು ಬಿಡುವುದನ್ನು ನಿಲ್ಲಿಸಲಿಲ್ಲ. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಬೇಕು ಎಂದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಬೇರೆಯವರಿಗೆ ಕಲಿಸುವವರೆಗೆ ಇರಿ ಎಂದು ಮುಖ್ಯಾಧಿಕಾರಿಗಳು ಹೇಳಿದರು, ಕಲಿಯಲು ಯಾರನ್ನೂ ಕಳಿಸಲಿಲ್ಲ. ನಾನು ಮಾತ್ರ ತಿದ್ದುಪಡಿ ವಿಷಯವನ್ನು ಅಜೆಂಡಾದಿಂದ ತೆಗೆಯಲಿಲ್ಲ. ಅರವತ್ತರೊಳಗೇ ಶಿಫಾರಸಾಗಿದೆ, ತಪ್ಪು ನಮ್ಮದು ಎಂದು ಸಭೆ ಬರೆದುಕೊಟ್ಟರೆ ಮೇಲಿನವರು ಕರುಣೆ ತೋರಬಹುದು ಎಂಬ ಹುಚ್ಚು ಆಸೆ. ಆ ಆಸೆಯನ್ನು ಅವರಿಗೂ ಹೇಳಿದೆ, ಅವರು ಹೋಗಿ ಹೆಂಡತಿಗೆ ಹೇಳಿದರು. ಅದನ್ನು ಹೇಳದೆ ಇದ್ದಿದ್ದರೆ ಒಳ್ಳೆಯದಿತ್ತು.

ಈ ಸಲದ ಬೇಸಗೆಯಲ್ಲಿ ಒಂದು ದಿನ ನಮ್ಮ ಊರಿನ ಕೆಳಗಿನ ಕೇರಿಗೆ ಬೆಳಿಗ್ಗೆ ಐದೂವರೆಗೆ ಬಂದ ನೀರು ನಿಲ್ಲಲೇ ಇಲ್ಲ. ಜನ ಕೊಡ ತುಂಬಿಸಿದರು, ಡ್ರಮ್ಮು ತುಂಬಿಸಿದರು, ಕಂಬಳಿ ಒಗೆದರು, ತೆಂಗಿನ ಬುಡಕ್ಕೂ ಬಿಟ್ಟರು. ಹತ್ತು ನಿಮಿಷ ನೀರು ಕಡಿಮೆಯಾದರೆ ಕಚೇರಿಗೆ ಫೋನ್ ಮಾಡುವ ಜನ ಅವತ್ತು ಯಾರೂ ಮಾಡಲಿಲ್ಲ. ಹನ್ನೊಂದರ ಹೊತ್ತಿಗೆ ಮೇಲಿನ ಕೇರಿಯವರು ನೀರೇ ಬಂದಿಲ್ಲ ಎಂದು ಜಗಳಕ್ಕೆ ಬಂದಾಗ ಹುಡುಕಿಕೊಂಡು ಹೋದೆವು. ವಾಲ್ವಿನ ಗುಂಡಿಯ ಪಕ್ಕದಲ್ಲಿ, ಚಾವಿಗೆ ಒರಗಿ ಕೂತಿದ್ದರು. ಕಿವಿ ಚಾವಿಗೆ ತಾಗಿಯೇ ಇತ್ತು. ಜೀವ ಹೋಗಿ ಬಹಳ ಹೊತ್ತಾಗಿತ್ತು.

ಕೋರ್ಟಿನ ತಕರಾರು ಮುಗಿದು ಹೊಸ ಅಧ್ಯಕ್ಷರು ಬಂದ ಮೇಲೆ, ಕಳೆದ ವಾರ ಮೊದಲ ಸಾಮಾನ್ಯ ಸಭೆ ನಡೆಯಿತು. ನಾನು ಅಜೆಂಡಾದಿಂದ ಆ ವಿಷಯ ತೆಗೆದಿರಲಿಲ್ಲ. ಬೇಕೆಂದೇ ತೆಗೆಯಲಿಲ್ಲ. ಕೊನೆಯ ವಿಷಯವಾಗಿ ಅದನ್ನು ಓದಿದೆ. ಅಧ್ಯಕ್ಷರು ಮೊಬೈಲಿನಿಂದ ತಲೆ ಎತ್ತದೆ "ಇದು ಮುಂದಿನ ಸಭೆಗಿಡಿ" ಎಂದರು. ಪೆನ್ನು ಕಾಗದಕ್ಕೆ ತಾಗಿತ್ತು. ನಾನು ಎದ್ದು ನಿಂತೆ. ಗುಮಾಸ್ತರು ಸಭೆಯಲ್ಲಿ ಮಾತಾಡುವ ಪದ್ಧತಿಯಿಲ್ಲ. "ಅವರು ತೀರಿಕೊಂಡು ಒಂದು ತಿಂಗಳಾಯಿತು" ಎಂದೆ.

"ಅಯ್ಯೋ ದೇವಾ, ನಮ್ಮ ನೀರಿನವ ಅಲ್ಲಾ?" ಎಂದು ಒಬ್ಬ ಸದಸ್ಯೆ ಕಣ್ಣೊರೆಸಿಕೊಂಡರು. ಆ ಕಣ್ಣೀರು ನಿಜವೇ. ಇನ್ನೊಬ್ಬರು ಎದ್ದು "ಒಳ್ಳೆ ಮನುಷ್ಯ. ಹಾಂಗೇ ಬಿಡೂಕಾಗೂದಿಲ್ಲ. ಮುಂದಿನ ಸಭೆಯಲ್ಲಿ ಮರಣೋತ್ತರ ಸನ್ಮಾನ ಮಾಡುವಾ, ಹೆಂಡ್ತಿನ ಕರೆಸಿ" ಎಂದರು. ಮೇಜು ಬಡಿದರು. ಸರ್ವಾನುಮತ. ತಿದ್ದುಪಡಿಯ ವಿಷಯವನ್ನು ಅರ್ಜಿದಾರರು ಮೃತರಾದ ಕಾರಣ ಕೈಬಿಡಲಾಯಿತು. ಅವರ ಬಗ್ಗೆ ನಮ್ಮ ಸಭೆ ತಾನಾಗಿ, ತಡಮಾಡದೆ ಮಾಡಿದ ಠರಾವುಗಳು ಎರಡೇ, ಎರಡೂ ಶಾಲಿನವು.

ಈ ಠರಾವನ್ನು ನಾನು ಯಾವುದರಿಂದಲೂ ನಕಲು ಮಾಡಲಿಲ್ಲ. ಒಂದೊಂದು ಅಕ್ಷರವನ್ನೂ ಹೊಸದಾಗಿ ಬರೆದು ನಾಲ್ಕು ಸಲ ಓದಿದೆ. ಕಪಾಟು ತೆರೆದು ನೋಡಿದರೆ ಇನ್ನೂ ಐದು ಶಾಲು ಇವೆ, ಅವರೇ ಮಡಿಸಿಟ್ಟವು. ಅದರಲ್ಲೊಂದನ್ನು ಅವರ ಹೆಂಡತಿಯ ಹೆಗಲಿಗೆ ಹಾಕಬೇಕು. ಕರೆಯುವ ಕೆಲಸವೂ ನನ್ನ ಪಾಲಿಗೇ ಬಂತು. ಫೋನ್ ಮಾಡಿ, ಪುರಸಭೆಯಿಂದ ಮಾತಾಡುತ್ತಿದ್ದೇನೆ ಎಂದು ಹೇಳಿ, ಸನ್ಮಾನದ ದಿನ ತಿಳಿಸಿದೆ.

"ಶಾಲು ಒಂದು ಮನೇಲಿ ಅದೆ ಅಕ್ಕೋರೆ, ಅವ್ರು ಮಡ್ಚಿಟ್ಟದ್ದು ಹಾಂಗೇ ಅದೆ" ಎಂದರು ಅವರ ಹೆಂಡತಿ. "ಪುರಸಭೆ ಫೋನು ಅಂದ ಕೂಡ್ಲೆ ನಾ ಆರ್ಡರ್ ಬಂತು ಅಂತ್ಲೇ ತಿಳ್ಕಂಡಿದ್ದೆ."